ಸಿಸ್ಟರ್ ಕಾರ್ಮೆಯ ನೋಟ್‌ಬುಕ್ಕಿನ ಮೊದಲ ಪುಟ

ಬುಧವಾರ ಬೆಳಿಗ್ಗೆ ಡಾಕ್ಟರು ಬಂದು, ಮೈಯಲ್ಲಿ ನೀರು ಎಷ್ಟು ಆರಿದೆಯೆಂದು ತಿಳಿಯಲು, ಸಿಸ್ಟರ್ ಕಾರ್ಮೆಯ ಮುಂಗೈಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರು. ಎತ್ತಿದ ಚರ್ಮ ಎತ್ತಿದ ಹಾಗೇ ನಿಂತಿತು. ಪಕ್ಕದಲ್ಲಿದ್ದ ಗಂಗಾ ಮನಸ್ಸಿನಲ್ಲೇ ಎಣಿಸಿದಳು. ಅದು ಮೊದಲಿನ ಜಾಗಕ್ಕೆ ಇಳಿಯುವ ಹೊತ್ತಿಗೆ ನಾಲ್ಕು ಎಣಿಸಿಯಾಗಿತ್ತು. ಮನೆಯಲ್ಲಿ ಮಗಳು ಪಿಂಕಿಗೆ ಭೇದಿಯಾದಾಗ ಅವಳೂ ಹೀಗೇ ಹೊಟ್ಟೆಯ ಚರ್ಮ ಎತ್ತಿ ನೋಡುತ್ತಾಳೆ. ಭೇದಿಯಾಗದಿದ್ದಾಗಲೂ ನೋಡುತ್ತಾಳೆ.

"ಶುಕ್ರವಾರ ಮಧ್ಯಾಹ್ನದವರೆಗೆ ಕಾಯೋಣ," ಎಂದರು ಡಾಕ್ಟರು. "ಅಷ್ಟರಲ್ಲಿ ಬಾಯಿಂದ ಕುಡಿಯದಿದ್ದರೆ ಮೂಗಿನಿಂದ ನಳಿಗೆ ಹಾಕಲೇಬೇಕು. ಕಿತ್ತುಕೊಳ್ಳದ ಹಾಗೆ ಕೈ ಕಟ್ಟಬೇಕಾಗುತ್ತದೆ."

ಕೈ ಕಟ್ಟುವುದು ಹೇಗಿರುತ್ತದೆಂದು ಗಂಗಾ ಕಂಡಿದ್ದಳು. ಹೋದ ತಿಂಗಳು ಡ್ರಿಪ್ ಹಾಕಿದಾಗ ಬ್ಯಾಂಡೇಜ್ ಬಟ್ಟೆಯಿಂದ ಎರಡೂ ಕೈಗಳನ್ನು ಮಂಚದ ಸರಳಿಗೆ ಬಿಗಿದಿದ್ದರು. ಎಂಬತ್ತೆರಡು ವರ್ಷದ ಮಣಿಕಟ್ಟಿನ ಮೇಲೆ ಕೆಂಪು ಗೆರೆ ಹತ್ತು ದಿನ ಉಳಿದಿತ್ತು. ಸಿಸ್ಟರ್ ಅಳಲಿಲ್ಲ, ಕೂಗಲಿಲ್ಲ. ಮುಖವನ್ನು ಗೋಡೆಗೆ ತಿರುಗಿಸಿ ಮಲಗಿಬಿಟ್ಟಿದ್ದರು. ಅತ್ತಿದ್ದರೆ ಗಂಗಾಗೆ ಇಷ್ಟು ಭಯವಾಗುತ್ತಿರಲಿಲ್ಲ.

ಗಂಗಾಳ ಅಪ್ಪ ಅವ್ವ ಲಿಂಗಸೂಗೂರು ಕಡೆಯವರು. ತೆಲುಗು ಸೀಮೆಯ ಬಾಲಾನಗರದಲ್ಲಿ ಕಾರ್ಖಾನೆಗಳ ಶೆಡ್ ಕಟ್ಟುವ ಕೆಲಸಕ್ಕೆ ಬಂದವರು ಅಲ್ಲೇ ನಿಂತರು. ಮಗಳನ್ನು ಮಾತ್ರ ಇಟ್ಟಿಗೆ ಮುಟ್ಟಗೊಡದೆ ಇಂಗ್ಲಿಷ್ ಶಾಲೆಗೆ ಕಳಿಸಿದರು. ಇಂಟರ್, ಅಂದರೆ ಪಿಯುಸಿ ಮುಗಿಸಿ, ಅಮೀರ್‌ಪೇಟ್‌ನಲ್ಲಿ ಆರು ತಿಂಗಳು ರೋಗಿಗಳನ್ನು ನೋಡಿಕೊಳ್ಳುವ ಕೋರ್ಸ್ ಮಾಡಿ, ಲೇತ್ ಮಷಿನ್ ಮೇಲೆ ಕೆಲಸ ಮಾಡುವ ಹುಲಗೇಶನನ್ನು ಮದುವೆಯಾದಳು. ವಯಸ್ಸಾದ ಸಿಸ್ಟರುಗಳಿರುವ ಈ ಕಾನ್ವೆಂಟಿನ ಕೆಲಸ ಕೊಡಿಸಿದ್ದು ಅತ್ತೆ ಸೂಗಮ್ಮ. "ನಾವು ಬಂದ ಹೊಸದಾಗ ದೊಡ್ಡ ಸಿಸ್ಟರಮ್ಮನ ದವಾಖಾನಿಗೇ ಹೋಗತಿದ್ವಿ, ನನ್ನ ಹೆಸರು ಹೇಳು" ಎಂದು ಕಳಿಸಿದ್ದಳು. ಗಂಗಾ ಬಂದು ಹೆಸರು ಹೇಳುವ ಹೊತ್ತಿಗೆ ದೊಡ್ಡ ಸಿಸ್ಟರಮ್ಮನಿಗೆ, ಅಂದರೆ ಸಿಸ್ಟರ್ ಕಾರ್ಮೆಗೆ, ಹೆಸರುಗಳು ಉಳಿದಿರಲಿಲ್ಲ.

ಮೊದಲು ಇಂಗ್ಲಿಷ್ ಹೋಯಿತಂತೆ, ಆಮೇಲೆ ಹಿಂದಿ. ಐವತ್ತು ವರ್ಷ ರೋಗಿಗಳನ್ನು ಗದರಿಸಿದ ತೆಲುಗು ಕೊನೆಗೆ ಹೋಯಿತು. ಈಗ ಆಡುವ ನಾಲ್ಕು ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಕಾನ್ವೆಂಟಿನ ಮುಖ್ಯಸ್ಥೆ, ಎಲ್ಲರೂ ಮದರ್ ಎಂದು ಕರೆಯುವವರು, ಸ್ಪೇನ್ ದೇಶದ ಒಬ್ಬ ಸಿಸ್ಟರಿಗೆ ಫೋನ್ ಹಚ್ಚಿ ಸಿಸ್ಟರ್ ಕಾರ್ಮೆಯ ಕಿವಿಗೆ ಹಿಡಿದಿದ್ದರು. ಆ ಕಡೆಯವರು ಸ್ವಲ್ಪ ಕೇಳಿಸಿಕೊಂಡು, ಇದು ಸ್ಪ್ಯಾನಿಷ್ ಅಲ್ಲ, ನಮ್ಮ ದೇಶದ ಮೂಲೆಯ ಗಲೀಷಿಯಾ ಸೀಮೆಯ ಮಾತು, ಅವರ ಅವ್ವನ ಮನೆ ಮಾತಿರಬೇಕು, ನನಗೆ ಅರ್ಧ ತಿಳಿಯುತ್ತದೆ, ಎಂದರಂತೆ.

ಡಾಕ್ಟರು ಹೋದ ಮೇಲೆ ಮದರ್ ಹಳೆಯ ಟ್ರಂಕಿನಿಂದ ಒಂದು ನೋಟ್‌ಬುಕ್ ತಂದು ಗಂಗಾಳ ಕೈಗಿಟ್ಟರು. ಮದರ್ ಮಾತಾಡುವುದು ತೆಲುಗಿನಲ್ಲಿ. "ಇಪ್ಪತ್ತನಾಲ್ಕನೇ ವಯಸ್ಸಿಗೆ ಇಲ್ಲಿ ಬಂದಾಗ ಬರೆದುಕೊಂಡದ್ದು. ನೋಡು, ಏನಾದರೂ ಉಪಯೋಗಕ್ಕೆ ಬಂದರೆ."

ಹೊಲಿಗೆ ಬಿಟ್ಟ ನೋಟ್‌ಬುಕ್ಕು. ಮೊದಲ ಪುಟದಲ್ಲಿ ಮೇಲಿಂದ ಕೆಳಗೆ ಗೆರೆ ಎಳೆದು ಮೂರು ಅಂಕಣ ಮಾಡಿದ್ದರು. ಒಂದು ಕಡೆ ತಮ್ಮ ಮಾತು, ನಡುವೆ ತೆಲುಗು, ಕೊನೆಗೆ ಕನ್ನಡ. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಗಂಗಾ ಕೊನೆಯ ಅಂಕಣದ ಮೇಲೆ ಬೆರಳಿಟ್ಟು ಓದಿದಳು. ನೀರು. ಹಾಲು. ಚಹಾ. ಗಂಜಿ. ರಾಯಚೂರು ಕಡೆಯ ಕೂಲಿಯವರನ್ನು ಕೇಳಿ ಕೇಳಿ ಬರೆದುಕೊಂಡಿರಬೇಕು. ಮೊದಲ ಪುಟದಲ್ಲೇ ಕುಡಿಯುವ ವಸ್ತುಗಳು. ಗುಳಿಗೆಯನ್ನು ಯಾವುದರ ಜೊತೆ ನುಂಗಬೇಕೆಂದು ಹೇಳಲು ದವಾಖಾನೆಯವರಿಗೆ ಮೊದಲು ಬೇಕಾಗುವುದು ಅವೇ.

ಹೆಸರುಗಳು ಒಟ್ಟು ಎಂಟು. ಸೆರೆಗೂ ಒಂದು ಹೆಸರಿತ್ತು, ಅದರ ಕೆಳಗೆ ಎರಡು ಗೀಟು ಎಳೆದಿದ್ದರು. ಕುಡಿದು ಬಂದವರು ಬಹಳ ಕಾಡಿದ್ದರೇನೋ. ಮಜ್ಜಿಗೆಯ ಮುಂದೆ ತಮ್ಮ ಮಾತಿನ ಜಾಗವನ್ನು ಖಾಲಿ ಬಿಟ್ಟಿದ್ದರು.

ಗಂಗಾ ಮಂಚದ ಪಕ್ಕ ಕುಳಿತು, ಲೋಟದಲ್ಲಿ ನೀರು ಹಿಡಿದು, ಅದಕ್ಕೆ ಅವರ ಮಾತಿನಲ್ಲಿ ಬರೆದದ್ದನ್ನು ಇಂಗ್ಲಿಷಿನ ಹಾಗೆ ಓದಿದಳು. "ಆಗಾ, ಸಿಸ್ಟರ್?"

ಸಿಸ್ಟರ್ ಕಾರ್ಮೆ ಕಣ್ಣು ತೆರೆದರು. ಬಹಳ ದಿನಗಳ ಮೇಲೆ ಯಾರನ್ನಾದರೂ ನೆಟ್ಟಗೆ ನೋಡಿದ್ದು ಅದೇ. "ಔಗಾ," ಎಂದರು, ಮೇಷ್ಟ್ರು ತಿದ್ದುವ ಹಾಗೆ.

"ಔಗಾ."

ಬಿಳಿ ಹುಬ್ಬು ಕೆಳಗಿಳಿದು, ತಲೆ ಒಮ್ಮೆ ಆಡಿತು. ಪಾಸು. ಗಂಗಾಗೆ ಅಳು ಬಂದಂತಾಯಿತು. ಲೋಟವನ್ನು ತುಟಿಯ ಬಳಿ ಒಯ್ದಳು. ಸಿಸ್ಟರ್ ಎರಡು ಬೆರಳಿಂದ ಅದನ್ನು ಮೆಲ್ಲಗೆ ಈಚೆ ತಳ್ಳಿದರು. ಮತ್ತೆ ಹಿಡಿದಳು, ಮತ್ತೆ ತಳ್ಳಿದರು. 'ನಿರಾಕರಿಸಿದರು' ಎಂದು ರಿಜಿಸ್ಟರಿನಲ್ಲಿ ಬರೆದಳು.

ಎರಡು ದಿನ ಅದೇ ಆಯಿತು. ಹಾಲನ್ನು ಲೀಟ್ ಎಂದಳು, "ಲೇಯ್ತೆ" ಎಂದು ತಿದ್ದಿಸಿಕೊಂಡಳು. ಹಣ್ಣಿನ ರಸಕ್ಕೆ ಥೂಮೆ, ದ್ರಾಕ್ಷಿಯ ಮದ್ಯಕ್ಕೆ ಬೀನ್ಯೊ, ಗಂಜಿಯ ಮುಂದೆ ಅವರೂರಿನ ಸಾರಿನ ಹೆಸರು, ಕಾಲ್ದೊ. ಚಹಾಕ್ಕೆ ಬರೀ ತೇ. ಔಗರ್ದೆಂತೆ ಎಂದರೆ ಸೆರೆ; ಅದನ್ನು ಹೇಳಿದಾಗ ಸಿಸ್ಟರ್ ಮೂಗು ಸೊಟ್ಟ ಮಾಡಿದರು. ಮಜ್ಜಿಗೆಯೊಂದು ಬಿಟ್ಟು ಏಳೂ ಹೆಸರು ಗಂಗಾಗೆ ಬಾಯಿಪಾಠವಾದವು. ಒಂದೊಂದು ಹೆಸರಿಗೂ ಒಂದೊಂದು ಲೋಟ ತಂದಳು, ಸೆರೆ ಮತ್ತು ಮದ್ಯ ಬಿಟ್ಟು. ಎಲ್ಲ ಲೋಟವೂ ಅದೇ ಎರಡು ಬೆರಳಿನಿಂದ ಅವಳ ಕಡೆಗೇ ತಿರುಗಿ ಬಂತು. ನಿದ್ದೆಗಣ್ಣಿನಲ್ಲಿ ಚಮಚದಿಂದ ಹಾಕಿದ್ದಷ್ಟೇ ಒಳಗೆ ಹೋಗುತ್ತಿತ್ತು, ಅರ್ಧ ಕೆನ್ನೆಗೆ ಇಳಿಯುತ್ತಿತ್ತು.

ನಡುನಡುವೆ ಅವಳು ಕಾರಿಡಾರಿಗೆ ಬಂದು ಮನೆಗೆ ಫೋನ್ ಮಾಡುತ್ತಿದ್ದಳು. "ಅತ್ತಿ, ಪಿಂಕಿ ಹಾಲು ಕುಡಿದ್ಲೇನ್ರಿ?"

"ಕುಡಿದಾಳ ಕುಡಿದಾಳ. ತಾಸಿಗೊಮ್ಮೆ ಕೇಳತೀದಿ, ಆ ಕೂಸಿನ ಹೊಟ್ಟಿ ಏನು ನೀರಿನ ಟಾಕಿ ಮಾಡೀಯೇನ?"

"ಉಚ್ಚಿ ಎಷ್ಟ ಸಲ ಹೊಯ್ದಾಳ್ರಿ?"

"ಬರಕೊಂಡಿಲ್ಲವ್ವಾ ತಾಯಿ. ನಿಮ್ಮ ಕಾನ್ವೆಂಟಿನ್ಯಾಗಿನ ರಿಜಿಸ್ಟರ್ ಒಂದ ತಂದಿಡು, ನಾಳಿಯಿಂದ ಬರೀತೀನಿ!" ಸೂಗಮ್ಮ ಫೋನಿಟ್ಟಳು. ತನಗೆ ಬರೆಯಲು ಬರುವುದಿಲ್ಲ ಎಂಬುದು ಅವಳಿಗೆ ಅಂಥ ಹೊತ್ತಿನಲ್ಲಿ ನೆನಪಾಗುತ್ತಿರಲಿಲ್ಲ.

ಗುರುವಾರ ಸಂಜೆ ಮನೆಗೆ ಬಂದ ಗಂಗಾ ಕಾಲು ತೊಳೆದು ಮಗಳನ್ನು ಮಡಿಲಿಗೆ ಹಾಕಿಕೊಂಡಳು. ಅತ್ತೆ ನೀರು ಕುಡಿದಳೋ ಇಲ್ಲವೋ ನೋಡದೆ ತಾನು ಬಿಂದಿಗೆ ಮುಟ್ಟುವ ರೂಢಿ ಅವಳಿಗಿಲ್ಲ. ಹಿರಿಯರದಾದ ಮೇಲೆ, ಅದೂ ತುಟಿಗೆ ಸೋಂಕದ ಹಾಗೆ ಎತ್ತಿ ಕುಡಿಯಬೇಕೆಂದು ಅವ್ವ ಕಲಿಸಿದ್ದಳು. ರೋಗಿಯ ಪಾತ್ರೆಯನ್ನು ಬಾಯಿಗೆ ಒಯ್ಯಲೇಬಾರದೆಂದು ಅಮೀರ್‌ಪೇಟ್‌ನ ಕೋರ್ಸಿನವರು ಕಲಿಸಿದ್ದರು. ಎರಡು ಪಾಠವೂ ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿದ್ದವು.

"ಔಗಾ, ಲೇಯ್ತೆ, ಥೂಮೆ..." ಅವಳ ಬಾಯಿ ತಾನೇ ಗುಣುಗುತ್ತಿತ್ತು.

ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಸೂಗಮ್ಮ ತಲೆ ಎತ್ತಿದಳು. "ಅದೇನವ್ವಾ ಮಂತ್ರ ಹಾಕಾಕತ್ತಿ ಕೂಸಿಗೆ?"

"ಮಂತ್ರ ಅಲ್ರಿ. ಸಿಸ್ಟರಮ್ಮನ ಊರಾಗ ನೀರಿಗೆ, ಹಾಲಿಗೆ ಹಿಂಗ ಅಂತಾರ್ರಿ."

"ಕುಡಿದ್ಲೇನ ಮತ್ತ?"

"ಎಲ್ಲೀದ್ರಿ ಅತ್ತಿ. ಹೆಸರು ತಪ್ಪಿದ್ರ ತಿದ್ದತಾರ. ಲೋಟ ಹಿಡಿದ್ರ ನನ್ನ ಕಡೆ ನೂಕತಾರ. ನಾಳೆ ಕೈ ಕಟ್ಟತಾರ್ರಿ ಅವರಿಗೆ." ಅವಳ ದನಿ ಒಡೆಯಿತು.

ಸೂಗಮ್ಮನ ಕೈ ನಿಂತಿತು. "ಹೆಂಗ ನೂಕತಾಳ? ಹಿಂಗೇನ?" ಎಂದು ಎರಡು ಬೆರಳು ಮುಂದೆ ಚಾಚಿದಳು.

"ಹೂಂರಿ, ಹಂಗ."

"ನೀ ಕುಡಿದೇನ?"

"ನಾನ? ಪೇಶಂಟಿನ ಲೋಟದಾಗ? ಅವರಕಿಂತ ಮೊದಲ?"

"ಅಯ್ಯ ಹುಚ್ಚವ್ವಾ," ಎಂದಳು ಸೂಗಮ್ಮ. ಬಯ್ಗುಳವಿರಲಿಲ್ಲ ಅದರಲ್ಲಿ. "ನಿನ್ನ ಗಂಡ ಆಗ ಒಂಬತ್ತ ತಿಂಗಳ ಕೂಸು. ವಾಂತಿಭೇದಿ ಆಗಿ ಕಣ್ಣು ಒಳಗ ಹೋಗಿದ್ವು. ಬಿಸಲಾಗ ಹೊತಗೊಂಡು ಓಡಿದ್ನಿ. ಕೂಸಿನ್ನ ನೋಡ್ರೆವ್ವಾ ಅಂತ ನಾ ಅಳಾಕತ್ತೀನಿ, ಆಕಿ ಒಂದ ಲೋಟ ನೀರ ತಂದು ನನ್ನ ಕಡೆ ನೂಕಿದ್ಲು. ನನಗ್ಯಾಕ್ರಿ, ಕೂಸಿಗೆ ಕೊಡ್ರಿ ಅಂದ್ನಿ. ಮತ್ತ ನೂಕಿದ್ಲು. ನಾ ಗಟಗಟ ಕುಡಿದು ಲೋಟ ಕೆಳಗ ಇಟ್ಟ ಮ್ಯಾಲೇ ಕೂಸಿನ್ನ ಮುಟ್ಟಿದ್ಲು. ಬಂದ ತಾಯಂದ್ರಿಗೆಲ್ಲಾ ಹಂಗ. ತಾಯಿ ಬಿದ್ದರ ಕೂಸಿನ್ನ ಹಿಡಿಯೋರ್ಯಾರು ಅನ್ನಾಕಿ."

ಗಂಗಾ ನಾಲಿಗೆಯಿಂದ ತುಟಿ ಸವರಿಕೊಂಡಳು.

"ನಿನ್ನ ತುಟಿ ನೋಡಿಕೊಂಡೀಯೇನ, ಒಡದು ರಕ್ತ ಬಂದಾವ. ಎದಿಹಾಲು ಕುಡಸಾಕಿ, ಬಸ್ಸಿನ್ಯಾಗ ಬೆಂದು ಹೋಗತಿ. ಆಕಿ ಕಣ್ಣಿಗೆ ನೀನೂ ಹಂಗ ಬಂದಾಕಿ. ನೀ ಕುಡಿಯೂತನಕ ಆಕಿ ಮುಟ್ಟೂದಿಲ್ಲ." ಸೂಗಮ್ಮ ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದು ಸೊಸೆಯ ಮುಂದೆ ಇಟ್ಟಳು. "ಇಲ್ಲೇ ರೂಢಿ ಮಾಡಿಕೋ. ನಾ ಇನ್ನಾ ಕುಡಿದಿಲ್ಲ, ನೋಡು."

ಗಂಗಾ ತಂಬಿಗೆ ಎತ್ತಿದಳು. ಒಂದು ಗುಟುಕು ಇಳಿಯುವ ಹೊತ್ತಿಗೆ ಕಿವಿ ಬಿಸಿಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮಂಚದ ಪಕ್ಕದ ಮೇಜಿನ ಮೇಲೆ ನಳಿಗೆಯ ಪ್ಯಾಕೆಟ್ಟು, ಬ್ಯಾಂಡೇಜಿನ ಸುರುಳಿ ಬಂದು ಕೂತಿದ್ದವು. ಗಂಗಾ ಅವುಗಳಿಗೆ ಬೆನ್ನು ಮಾಡಿ ಕುಳಿತಳು. ಮದರ್ ಬಂದರೆ? ಯಾರಾದರೂ ನೋಡಿ ಹೇಳಿದರೆ? ತನ್ನಿಂದ ಸಿಸ್ಟರಿಗೆ ಏನಾದರೂ ತಗುಲಿದರೆ, ಸಿಸ್ಟರಿಂದ ಪಿಂಕಿಗೆ ತಗುಲಿದರೆ? ಅವಳ ತಲೆ ಯಾವಾಗಲೂ ಹೀಗೆಯೇ, ಒಂದು ಭಯ ಮುಗಿಯುವ ಮೊದಲೇ ಇನ್ನೊಂದು ಸಾಲು ಹಿಡಿದು ನಿಂತಿರುತ್ತಿತ್ತು.

"ಔಗಾ," ಎಂದಳು.

ಎರಡು ಬೆರಳು ಬಂದವು, ಲೋಟವನ್ನು ಈಚೆ ತಳ್ಳಿದವು. ಒಂದು ಹನಿ ಚೆಲ್ಲದಷ್ಟು ಜೋಪಾನವಾಗಿ ತಳ್ಳುತ್ತಿದ್ದರು. ಅದನ್ನು ಗಂಗಾ ಮೊದಲ ಸಲ ನೋಡಿದಳು. ಬೇಡದ್ದನ್ನು ಯಾರೂ ಇಷ್ಟು ನಾಜೂಕಾಗಿ ತಳ್ಳುವುದಿಲ್ಲ. ಸಿಸ್ಟರಿನ ಕಣ್ಣು ಅವಳ ತುಟಿಯ ಮೇಲಿತ್ತು.

ಗಂಗಾ ಲೋಟ ಎತ್ತಿದಳು. ಎತ್ತಿ ಸುರಿದುಕೊಳ್ಳಲು ಹೋದವಳು ತಡೆದು, ತುಟಿಗೇ ಹಚ್ಚಿ ಕುಡಿದಳು. ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಸಿಸ್ಟರ್ ಕಾರ್ಮೆ ಸಣ್ಣಗೆ ಉಸಿರು ಬಿಟ್ಟರು, ಕೆಲಸವೊಂದು ಮುಗಿದ ಹಾಗೆ. ಆಮೇಲೆ ಖಾಲಿ ಕೈ ಚಾಚಿದರು. ಗಂಗಾ ಇನ್ನೊಂದು ಲೋಟ ತೊಳೆದು, ನೀರು ತುಂಬಿ ಆ ಕೈಗೆ ಕೊಟ್ಟು, ಕೆಳಗಿನಿಂದ ತನ್ನ ಕೈ ಆನಿಸಿದಳು. ಗಂಟಲು ಏರಿ ಇಳಿಯಿತು. ಒಂದು, ಎರಡು, ಮೂರು. ಆರರವರೆಗೆ ಎಣಿಸಿ ಬಿಟ್ಟಳು. ಮುಂದೆ ಕಣ್ಣು ಮಂಜಾಗಿ ಏನೂ ಕಾಣಲಿಲ್ಲ.

ಹನ್ನೊಂದಕ್ಕೆ ಬಂದ ಮದರ್ ರಿಜಿಸ್ಟರ್ ನೋಡಿದರು. 'ನೀರು, ನೂರೈವತ್ತು ಎಂ.ಎಲ್. ಹಾಲು, ಎಂಬತ್ತು.' ನೋಡಿ ಗಂಗಾಳನ್ನು ನೋಡಿದರು. "ಹೇಗೆ ಕುಡಿಸಿದೆ?"

ಸುಳ್ಳು ಹೇಳಬಹುದಿತ್ತು. "ನಾನು ಮೊದಲು ಕುಡಿದೆ, ಮದರ್," ಎಂದಳು ಗಂಗಾ ನೆಲ ನೋಡುತ್ತಾ. "ಅವರ ಲೋಟದಲ್ಲೇ. ತಪ್ಪಾಯಿತು." ಅತ್ತೆ ಹೇಳಿದ್ದನ್ನೆಲ್ಲ ತಡೆತಡೆದು ಹೇಳಿದಳು.

ಮದರ್ ರಿಜಿಸ್ಟರ್ ಮುಚ್ಚಿದರು. ಹೋಗುವಾಗ ನಳಿಗೆಯ ಪ್ಯಾಕೆಟ್ಟನ್ನೂ ಬ್ಯಾಂಡೇಜನ್ನೂ ತೆಗೆದುಕೊಂಡು ಹೋದರು. ಮಾರನೆಯ ದಿನ ಅಡುಗೆಮನೆಯಿಂದ ಬಂದ ತಟ್ಟೆಯಲ್ಲಿ ಎರಡು ಲೋಟಗಳಿದ್ದವು.

ಆ ಮೇಲೆ ಒಂಬತ್ತು ವಾರ ತಟ್ಟೆಯಲ್ಲಿ ಎರಡೇ ಬಂದವು. ಗಂಗಾ ಕುಡಿಯುವಳು, ಆಮೇಲೆ ಸಿಸ್ಟರ್ ಕುಡಿಯುವರು. ಒಂದು ದಿನ ಮಜ್ಜಿಗೆ ಒಯ್ದು ಹೆಸರು ಕೇಳಿದಳು. ಸಿಸ್ಟರ್ ಕುಡಿದು, ಮೇಲಿನ ತುಟಿಯ ಬಿಳಿ ಒರೆಸಿಕೊಂಡು, ಸುಮ್ಮನಿದ್ದರು. ನೋಟ್‌ಬುಕ್ಕಿನ ಖಾಲಿ ಜಾಗ ಖಾಲಿಯೇ ಉಳಿಯಿತು.

ಮಳೆಗಾಲದ ಒಂದು ಬೆಳಿಗ್ಗೆ ಸಿಸ್ಟರ್ ಕಾರ್ಮೆ ಕಣ್ಣು ತೆರೆಯಲಿಲ್ಲ. ಉಸಿರು ಮಾತ್ರ ದೂರದೂರ ಬರುತ್ತಿತ್ತು. ಇನ್ನು ಬಲವಂತ ಬೇಡ ಎಂದು ಡಾಕ್ಟರು ಹೇಳಿ ಹೋಗಿದ್ದರು. ಮದರ್ ಜಪಸರ ಹಿಡಿದು ಕಾಲ ಬಳಿ ಕುಳಿತಿದ್ದರು. ಗಂಗಾ ತಟ್ಟೆಯಿಂದ ತನ್ನ ಲೋಟ ಎತ್ತಿಕೊಂಡು, ಎಂದಿನ ಹಾಗೆ, ಸಿಸ್ಟರಿಗೆ ಕಾಣುವ ಕಡೆ ನಿಂತು, ಕೊನೆಯ ಗುಟುಕಿನವರೆಗೂ ಕುಡಿದಳು. ಆಮೇಲೆ ಎರಡನೆಯ ಲೋಟದಲ್ಲಿ ಹತ್ತಿ ಅದ್ದಿ ಅವರ ತುಟಿ ಒದ್ದೆ ಮಾಡಿದಳು.

"ಔಗಾ, ಸಿಸ್ಟರ್. ನಂದು ಆತ್ರಿ."