ಬೆರಳು ನಿಂತ ಸಾಲು

ರಾಯಚೂರಿನ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂ ಪಠ್ಯಪುಸ್ತಕ ಆರಿಸುವ ರೀತಿಯೇ ಬೇರೆ. ಬರೆದವರ ಹೆಸರು ಕಾಣದಂತೆ ಹಳೆಯ ಪೇಪರಿನ ಕವರ್ ಹಾಕಿ, ವಿಷಯಕ್ಕೆ ಹೊಸಬರಾದ ವಿದ್ಯಾರ್ಥಿಗಳ ಕೈಗೆ ಕೊಟ್ಟು, "ತಿಳೀಲಿಲ್ಲಂದ್ರ ಅಲ್ಲೇ ಬೆರಳಿಡು" ಎನ್ನುತ್ತಿದ್ದರು.

ಜೀವಶಾಸ್ತ್ರದವರಿಗೂ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಪಾಠವಾಗಿ ಬಂದ ವರ್ಷ, ಅರಕೇರಾದ ಹುಡುಗಿಯೊಬ್ಬಳು ಕವರ್ ಹಾಕಿದ ಎರಡು ಪುಸ್ತಕ ಹಿಡಿದು ಕಂಪ್ಯೂಟರಿನ ಮುಂದೆ ಕೂತಳು. ಮೊದಲ ಪುಸ್ತಕ ಹೇಳಿದಂತೆ ಟೈಪ್ ಮಾಡುತ್ತ, ಎಲೆಗಳ ಉದ್ದದ ಗ್ರಾಫ್ ಮೂಡಿಸಿಯೇ ಬಿಟ್ಟಳು. ಎರಡನೆಯದರ ಮೊದಲ ಪುಟದಲ್ಲೇ ಬೆರಳಿಟ್ಟಳು.

"ಇದು ಗೊತ್ತಿದ್ದವರಿಗೇ ಬರ್ದಾರ್ರಿ ಮೇಡಂ."

"ಖರೆ ಅದವ್ವಾ," ಎಂದು ಮೇಡಂ ಮೊದಲನೆಯದನ್ನೇ ತರಗತಿಗೆ ತರಿಸಲು ಹೇಳಿದರು.

ಸಂಜೆ ಸ್ಟಾಫ್ ರೂಮಿನಲ್ಲಿ ಆ ಎರಡನೇ ಪುಸ್ತಕ ಅವರ ಮುಂದೆ ತೆರೆದಿತ್ತು. ಕವರ್ ಕಳಚಿದ್ದ ರಟ್ಟಿನ ಮೇಲೆ ಲೇಖಕಿಯಾಗಿ ಅವರದೇ ಹೆಸರು. ಹುಡುಗಿ ಬೆರಳಿಟ್ಟ ಸಾಲನ್ನು ಹೊಡೆದುಹಾಕಿ, ಮೇಡಂ ಅದನ್ನು ಮತ್ತೆ ಬರೆಯುತ್ತಿದ್ದರು.