ಕಾಕುವಿನ ಅಧಿಕಮಾಸ

ಕಳೆದ ವಾರ ಮೊಮ್ಮಗನ ನಾಲಿಗೆಗೆ ಹಚ್ಚಲೆಂದು ಬಜೆ ಬೇರು ತೇಯುತ್ತಾ ಕೂತಿದ್ದೆ. ಬಾಣಂತನಕ್ಕೆ ಬಂದಿರುವ ಮಗಳು ಒಳಗೆ ಮಲಗಿದ್ದಳು. ಕಲ್ಲಿನ ಮೇಲೆ ಒಂದೆರಡು ಸುತ್ತು ತೇಯುವಷ್ಟರಲ್ಲಿ ಆ ಖಾರವಾದ ವಾಸನೆ ಮೂಗಿಗೆ ಬಡಿದು ಕೈ ಅಲ್ಲೇ ನಿಂತಿತು. ಕೂಸಿರುವ ಮನೆಯಲ್ಲಿ ಬಜೆ ವಾಸನೆ ಬಂದರೆ ಯಾರಿಗಾದರೂ ಕೂಸಿನ ಯೋಚನೆಯೇ ಬರಬೇಕು. ನನಗೆ ನೆನಪಾದದ್ದು ಬ್ಯಾಂಕಿನ ಫಿಕ್ಸೆಡ್ ಡಿಪಾಸಿಟ್ಟು... ಮತ್ತು ಹೈದರಾಬಾದಿನ ಸನತ್‌ನಗರದ ನಮ್ಮ ಹಳೆಯ ಬಾಡಿಗೆ ಮನೆಯ ಕೆಳಗಡೆ ಇದ್ದ ಕಾಕು.

ಕಾಕು ತಮ್ಮ ಡಿಪಾಸಿಟ್ ರಸೀದಿಗಳನ್ನು ಹಸಿರು ಖಣದ ಚೀಲದಲ್ಲಿ ಹಾಕಿ, ಹುಳ ಬೀಳದಿರಲೆಂದು ಜೊತೆಗೆ ಬಜೆ ತುಂಡು ಇಡುತ್ತಿದ್ದರು. ಆ ಚೀಲ ಬಿಚ್ಚಿದರೆ ಪಡಸಾಲೆಯೆಲ್ಲ ಅದೇ ವಾಸನೆ. ನಮಗೆ ಅವರು ರಕ್ತಸಂಬಂಧಿಯೇನೂ ಆಗಿರಲಿಲ್ಲ. ಅವರ ತವರು ರಾಯಚೂರಿನ ಕಡೆ, ನನ್ನದೂ ಆ ಕಡೆಯೇ. ಹೈದರಾಬಾದಿನಲ್ಲಿ ಅಷ್ಟು ಸಾಕು. ನಾನು ಅವರನ್ನು ಕಾಕು, ಅಂದರೆ ಚಿಕ್ಕಮ್ಮ ಎಂದೆ, ಅವರು ನನ್ನನ್ನು ತಂಗಿ ಎಂದರು. ಹಾಗಿದ್ದರೂ ನನ್ನನ್ನು ಮಗಳೆಂದೇ ಲೆಕ್ಕ ಹಿಡಿದು ನನ್ನ ಯಜಮಾನರನ್ನು ಅಳಿಯಂದಿರ ಜಾಗದಲ್ಲಿ ಕೂರಿಸಿದ್ದರು. ಈ ಅಳಿಯತನವೇ ಮುಂದೆ ನಮ್ಮನ್ನು ಕಾಯಿತು ಅಂತ ಆಗ ಯಾರಿಗೆ ಗೊತ್ತಿತ್ತು?

ಸರ್ಕಾರಿ ನೌಕರಿಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಕಾಕುವಿಗೆ ಸಣ್ಣ ಪೆನ್ಷನ್ ಬರುತ್ತಿತ್ತು. ಮಕ್ಕಳಿರಲಿಲ್ಲ. ಆದರೆ ಹಣ ಬೆಳೆಸುವ ವಿಷಯದಲ್ಲಿ ಅವರಿಗಿದ್ದ ಹುರುಪು ನಾನು ಮತ್ತೆ ಯಾರಲ್ಲೂ ಕಂಡಿಲ್ಲ. ಯಾವ ಬ್ಯಾಂಕು ಕಾಲು ಪರ್ಸೆಂಟ್ ಹೆಚ್ಚಿಗೆ ಕೊಡುತ್ತದೆ ಎಂದು ಬಿಸಿಲಲ್ಲಿ ಛತ್ರಿ ಹಿಡಿದು ವಿಚಾರಿಸಿ ಬರುತ್ತಿದ್ದರು. ಹಿರಿಯರಿಗೆ ಕೊಡುವ ಹೆಚ್ಚಿನ ಬಡ್ಡಿಯ ವಯಸ್ಸು ಬಂದ ದಿನ ಓಣಿಗೆಲ್ಲ ಪೇಢೆ ಹಂಚಿದರು. ಇಷ್ಟು ಸಂತೋಷದಿಂದ ಮುದುಕಿಯಾದವರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ.

ಅವರದೊಂದು ಪದ್ಧತಿಯಿತ್ತು. ಇದ್ದ ಹಣವನ್ನೆಲ್ಲ ಒಂದೇ ಗಂಟಾಗಿ ಇಡುತ್ತಿರಲಿಲ್ಲ. ತುಂಡು ಮಾಡಿ, ಒಂದೊಂದನ್ನೂ ಒಂದೊಂದು ಹಬ್ಬದ ಹೊತ್ತಿಗೆ ಕೈಗೆ ಬರುವಂತೆ ಇಡುತ್ತಿದ್ದರು. ಒಂದು ಪಂಚಮಿಯದು, ಒಂದು ದಸರೆಯದು, ಒಂದು ಸಂಕ್ರಾಂತಿಯದು, ಒಂದು ಯುಗಾದಿಯದು. ಅಡಚಣೆ ಬಂದರೆ ಹತ್ತಿರದ ಹಬ್ಬದ್ದೊಂದನ್ನೇ ಮುರಿಸಬೇಕು, ಉಳಿದವುಗಳ ಬಡ್ಡಿಗೆ ಏಟು ಬೀಳಬಾರದು. ಪಂಚಮಿ, ದಸರೆ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಹಿಂದೆ ಮುಂದೆ ಸರಿಯುತ್ತವಲ್ಲ, ಸರಿಯಾಗಿ ವರ್ಷಕ್ಕೆಂದು ಇಟ್ಟರೆ ಒಮ್ಮೊಮ್ಮೆ ಹಬ್ಬ ಮುಗಿದ ಮೇಲೆ ಹಣ ಬರುತ್ತದೆ. ಹಾಗಾಗಿ ಕಾಕು ಬ್ಯಾಂಕಿಗೆ ಹೋಗುವಾಗ ಪಂಚಾಂಗ ಒಯ್ಯುತ್ತಿದ್ದರು. ಕೌಂಟರಿನಲ್ಲಿದ್ದ ತೆಲುಗು ಹುಡುಗಿ ಅವರನ್ನು ಕಂಡರೆ ತಲೆ ಚಚ್ಚಿಕೊಳ್ಳುತ್ತಿದ್ದಳು, ಕುಡಿಯಲು ನೀರನ್ನೂ ಕೊಡುತ್ತಿದ್ದಳು.

ನನ್ನ ಯಜಮಾನರು ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದರು. ಮಗಳು ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಮುಗಿಸುವ ವರ್ಷವೇ ಅದು ಮುಚ್ಚಿತು. ಲೆಕ್ಕ ಚುಕ್ತಾ ಮಾಡಿ ಕೈಗೆ ಕೊಟ್ಟ ಹಣ ಬಿಟ್ಟರೆ ನಮ್ಮ ಹತ್ತಿರ ಬೇರೆ ಏನೂ ಇರಲಿಲ್ಲ. ಮಗಳ ನಾಲ್ಕು ವರ್ಷದ ಕಾಲೇಜು ಆ ಹಣದಲ್ಲೇ ಆಗಬೇಕಿತ್ತು. ಅವರಿಗೆ ಬೇರೆ ಕೆಲಸ ಸಿಗುವವರೆಗೆ ಮನೆಯೂ ಅದರಲ್ಲೇ ನಡೆಯಬೇಕಿತ್ತು.

ಅಂಥ ಹೊತ್ತಿಗೆ ಕಾರ್ಖಾನೆಯ ಅವರ ಗೆಳೆಯನೊಬ್ಬ ಬಂದ. ಹಿಮಾಯತ್‌ನಗರದಲ್ಲಿ ಒಂದು ಫೈನಾನ್ಸ್ ಕಂಪನಿಯಿದೆ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಕೊಡುತ್ತಾರೆ, ಬ್ಯಾಂಕಿನವರು ಮುಕ್ಕಾಲು ರೂಪಾಯಿ ಕೊಡುವುದಕ್ಕೂ ಅಳುತ್ತಾರೆ ಎಂದ. ತನ್ನದನ್ನು ಆಗಲೇ ಇಟ್ಟಿದ್ದನಂತೆ. ಯಜಮಾನರು ಅವನ ಜೊತೆ ಹೋಗಿ ನೋಡಿ ಬಂದರು. ಗಾಜಿನ ಬಾಗಿಲು, ಎಸಿ, ಕೂತ ಕೂಡಲೇ ಚಹಾ, ಬಿಸ್ಕೀಟು. ಬಡ್ಡಿಯಲ್ಲೇ ಮಗಳ ಫೀಸು ಹೋಗಿ ಅಸಲು ಹಾಗೇ ಉಳಿಯುತ್ತದೆ ಎಂದು ಯಜಮಾನರು ನನಗೆ ಲೆಕ್ಕ ಹಾಕಿ ತೋರಿಸಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೂ ನನಗೆ ನಂಬಿಕೆ ಬರಲಿಲ್ಲ. ಬೇಡ ಎಂದರೆ ಅವರಿಗೆ ಇನ್ನೂ ಹಟ. ಕೆಲಸ ಹೋದ ಗಂಡಸಿನ ಹತ್ತಿರ ಹಣದ ಮಾತು ಎತ್ತುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು.

ಕೆಳಗಿಳಿದು ಕಾಕುವಿನ ಮುಂದೆ ಕಣ್ಣೀರು ಹಾಕಿದೆ. ಅವರು ಸೋಸುತ್ತಿದ್ದ ಮೆಂತ್ಯ ಸೊಪ್ಪು ಪಕ್ಕಕ್ಕಿಟ್ಟರು.

"ಅಳಿಯಂದ್ರಿಗೆ ನಾ ಹ್ಯಾಂಗ ಬ್ಯಾಡ ಅನ್ನಲಿ, ತಂಗಿ? ಅನ್ನಬಾರದು. ನೀನೂ ಅನ್ನಬ್ಯಾಡ. ಈಗ ಅಧಿಕಮಾಸ ನಡದೈತಿ, ನಾಳೆ ಊಟಕ್ಕ ಕರಕೊಂಡು ಬಾ."

ನಮ್ಮ ಕಡೆ ಅಧಿಕಮಾಸ ಬಂತೆಂದರೆ ಅಳಿಯನಿಗೆ ಯೋಗ. ಮನೆಗೆ ಕರೆದು ಉಣ್ಣಿಸಿ, ಅಕ್ಕಿ ಬೆಲ್ಲದಲ್ಲಿ ಕರಿದ ಅನಾರಸ ತುಂಬಿದ ತಟ್ಟೆಯ ಮೇಲೆ ದೀಪವಿಟ್ಟು ದಾನ ಕೊಡುತ್ತಾರೆ. ಹಾಗೆಯೇ ಆ ತಿಂಗಳು ಮನೆಯಲ್ಲಿ ಹೊಸ ಕೆಲಸ ಯಾವುದನ್ನೂ ಶುರು ಮಾಡುವುದಿಲ್ಲ. ಕಾಕು ಇವೆರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದರು. ಯಜಮಾನರು ಉಂಡು, ಹೊಸ ಧೋತ್ರ ಉಟ್ಟು, ಅನಾರಸದ ತಟ್ಟೆ ಕೈಯಲ್ಲಿ ಹಿಡಿದು ನಿಂತಾಗ ಮೆಲ್ಲಗೆ ಮಾತು ತೆಗೆದರು.

"ಅಳಿಯಂದ್ರ, ಒಂದು ಮಾತು ನಡಸಿ ಕೊಡಬೇಕು. ಈ ತಿಂಗಳು ಹೊಸಾದು ಯಾವುದೂ ಹಿಡೀಬ್ಯಾಡ್ರಿ. ರೊಕ್ಕ ಹಳೇ ಖಾತ್ಯಾಗ ಇರಲಿ. ಮಾಸ ಮುಗಿಯೂದ್ರೊಳಗ ಆ ಆಫೀಸಿಗೆ ಇನ್ನೊಮ್ಮೆ ಹೋಗಿ ಬರ್ರಿ. ರೊಕ್ಕ ಇಡೂ ಕಡೆ ಬ್ಯಾಡ, ವಾಪಸ್ ಕೊಡೂ ಕಡೆ ಹೋಗಿ ಒಂದಿನ ಕೂಡ್ರಿ. ಬಡ್ಡಿ ಎಷ್ಟು ಅಂತ ಇಡೂ ಕಡೆ ಗೊತ್ತಾಗತೈತಿ. ಬರತೈತೋ ಇಲ್ಲೋ ಅನ್ನೂದು ಆ ಕಡೆನ ಗೊತ್ತಾಗೂದು."

ಕೈಯಲ್ಲಿ ತಟ್ಟೆ ಹಿಡಿದವರು ಏನು ಹೇಳಿಯಾರು? ಹೂಂ ಎಂದರು.

ಆ ವಾರವೇ ನಾನು ಬ್ಯಾಂಕಿಗೆ ಪಾಸ್‌ಬುಕ್ ತುಂಬಿಸಲು ಹೋದರೆ ಅಲ್ಲಿ ಕಾಕು ಪಂಚಾಂಗ ಹಿಡಿದು ನಿಂತಿದ್ದರು. ಹೊಸ ಡಿಪಾಸಿಟ್ ಮಾಡಿಸುತ್ತಿದ್ದರು! ಅಧಿಕಮಾಸದಲ್ಲಿ! ನಾನು ಬಾಯಿ ಬಿಟ್ಟುಕೊಂಡು ನೋಡಿದ್ದಕ್ಕೆ ಅವರಿಗೇನೂ ನಾಚಿಕೆಯಾಗಲಿಲ್ಲ.

"ಮುಂದಿನ ತಿಂಗಳು ಬಡ್ಡಿ ಇಳಸ್ತಾರಂತ. ನನ್ನ ರೊಕ್ಕಕ್ಕ ಯಾವ ಮಾಸ? ಅಳಿಯಂದ್ರ ಮುಂದ ಹೇಳಬ್ಯಾಡ ಮತ್ತ."

ನಾನು ಹೇಳಲಿಲ್ಲ. ಮಾಸ ಮುಗಿಯಲು ಕೆಲವೇ ದಿನ ಉಳಿದಾಗ ಯಜಮಾನರು ಹಿಮಾಯತ್‌ನಗರಕ್ಕೆ ಒಬ್ಬರೇ ಹೋದರು. ಬೆಳಗ್ಗೆ ಹೋದವರು ಮಧ್ಯಾಹ್ನ ಕಳೆದರೂ ಬರಲಿಲ್ಲ. ಹಣ ಕಟ್ಟಿಯೇ ಬಿಟ್ಟರೋ ಏನೋ ಎಂದು ನಾನು ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದೆ. ಕಾಕು ಬಾಗಿಲಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು, ಅವರ ಕಣ್ಣೂ ರಸ್ತೆಯ ಮೇಲೆಯೇ ಇತ್ತು.

ಸಂಜೆ ಬಂದವರು ಮೇಲೆ ಹತ್ತದೆ ಕಾಕುವಿನ ಕಟ್ಟೆಯ ಮೇಲೆಯೇ ಕೂತರು. ನೀರು ಕುಡಿದು ಚೊಂಬು ಪಕ್ಕಕ್ಕಿಟ್ಟರು.

"ಆ ಕಡೆ ಎಸಿ ಇಲ್ರಿ ಕಾಕು," ಎಂದರು. "ಹಿಂದಿನ ಮೆಟ್ಟಲದಾಗ ಮಂದಿ ನಿಂತಾರ. ಕುರ್ಚಿನೂ ಇಲ್ಲ. ವಾಯಿದೆ ಮುಗದವರಿಗೆ ಮುಂದಿನ ವಾರ ಬರ್ರಿ, ಇಲ್ಲಾಂದ್ರ ಮತ್ತೊಂದು ವರ್ಷಕ್ಕ ಇಡ್ರಿ ಅಂತ ಹೇಳಾಕತ್ತಾರ. ಒಬ್ಬಾಕಿ ಮಗಳ ಲಗ್ನದ ಕಾರ್ಡ್ ಹಿಡಕೊಂಡು ನಿಂತಿದ್ಲು..."

ಕಾಕು ಗೆದ್ದೆ ಎಂದು ಬೀಗಲಿಲ್ಲ, ಎದ್ದು ಒಳಗೆ ಹೋಗಿ ಚಹಾಕ್ಕೆ ಇಟ್ಟರು. ಆ ದಿನ ಕುಡಿದ ಚಹಾದಷ್ಟು ಸಿಹಿಯಾದ ಚಹಾ ನಾನು ಆಮೇಲೆ ಕುಡಿದಿಲ್ಲ. ಸಕ್ಕರೆ ಎರಡು ಸಲ ಬಿದ್ದಿರಬೇಕು, ಕಾಕುವಿಗೂ ಕೈಕಾಲು ಆಡುತ್ತಿರಲಿಲ್ಲ ಅನ್ನಿಸುತ್ತದೆ.

ವರ್ಷ ತಿರುಗುವುದರೊಳಗೆ ಆ ಗಾಜಿನ ಬಾಗಿಲಿಗೆ ಬೀಗ ಬಿತ್ತು. ಗೆಳೆಯನ ಹಣ ಅರ್ಧದಷ್ಟೂ ತಿರುಗಿ ಬರಲಿಲ್ಲ. ಪಾಪ, ಅವನು ನಮಗೆ ಒಳ್ಳೆಯದಾಗಲೆಂದೇ ಹೇಳಿದ್ದ.

ನಮ್ಮ ಹಣವನ್ನು ಕಾಕು ತಾವೇ ಮುಂದೆ ನಿಂತು ತುಂಡು ಮಾಡಿಸಿದರು. ಕೌಂಟರಿನ ಹುಡುಗಿ ಎಲ್ಲವನ್ನೂ ಒಂದರಲ್ಲೇ ಇಡಿ, ಸುಲಭ ಎಂದಳು. "ಸುಲಭ ನಿನಗವಾ," ಎಂದು ಕಾಕು ಕನ್ನಡದಲ್ಲೇ ಅಂದರು, ಅವಳಿಗೆ ಅರ್ಥವಾಗಿ ನಕ್ಕಳು. ಪಂಚಮಿಯ ಸುಮಾರಿಗೆ ಕಾಲೇಜಿನ ಫೀಸು ಕಟ್ಟಬೇಕಿತ್ತು, ದೊಡ್ಡ ತುಂಡುಗಳು ಆ ಹೊತ್ತಿಗೆ ಬರುವಂತಾದವು. ಒಂದು ವರ್ಷವೂ ನಾವು ಯಾರ ಮುಂದೆಯೂ ಕೈ ಚಾಚಲಿಲ್ಲ. ಮಗಳು ಓದು ಮುಗಿಸಿದಳು, ಯಜಮಾನರಿಗೂ ಆಮೇಲೆ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಎರಡು ರೂಪಾಯಿ ಬಡ್ಡಿಯ ಮುಂದೆ ನಮ್ಮದು ಸಣ್ಣ ಬಡ್ಡಿಯೇ ಆಗಿತ್ತು. ಆದರೆ ಹೇಳಿದ ದಿನಕ್ಕೆ ಬಂತು.

ಕಾಕು ತೀರಿಕೊಂಡದ್ದು ಒಂದು ದಸರೆಯ ಮುಂಚೆ. ದಸರೆಯ ಡಿಪಾಸಿಟ್ಟು ಬರುವ ವಾರ ಹತ್ತಿರದಲ್ಲೇ ಇತ್ತು. ಅವರ ಒಡಹುಟ್ಟಿದ ತಂಗಿಯ ಮಗ ಬಂದು ಹಸಿರು ಚೀಲ ತೆಗೆದುಕೊಂಡು ಹೋದ. ಕೆಳಗಿನ ಮನೆಗೆ ಬೇರೆಯವರು ಬಂದರು. ನಾವೂ ಆಮೇಲೆ ಮನೆ ಬದಲಿಸಿದೆವು...

ನಾನು ಹೀಗೆ ಬಜೆ ಹಿಡಿದು ಕೂತಿದ್ದಾಗಲೇ ಯಜಮಾನರ ಮೊಬೈಲು ಹೊಡೆದುಕೊಂಡಿತು. ಯಾರೋ ಹುಡುಗ, ಒಂದು ಆ್ಯಪಿನಲ್ಲಿ ಹಣ ಹಾಕಿದರೆ ದಿನ ದಿನವೂ ಲಾಭ ಬರುತ್ತದೆ ಎಂದು ತೆಲುಗಿನಲ್ಲಿ ಪಟಪಟನೆ ಒದರುತ್ತಿದ್ದ. ಯಜಮಾನರು ಸಮಾಧಾನದಿಂದ ಎಲ್ಲ ಕೇಳಿಸಿಕೊಂಡು, "ಅಧಿಕಮಾಸಂ ಅಯಿನಾಕ ಚೂದ್ದಾಂ, ಬಾಬು," ಎಂದು ಇಟ್ಟರು. ಅಧಿಕಮಾಸ ಮುಗಿದ ಮೇಲೆ ನೋಡೋಣವಂತೆ. ಈಗ ಯಾವ ಅಧಿಕಮಾಸವೂ ಇಲ್ಲ.

ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಆಗ ಹೊರಗೆ ಬಂತು. ನಿಮ್ಮನ್ನು ತಡೆದ ಆ ತಿಂಗಳೇ ಕಾಕು ತಾವು ಹೊಸ ಡಿಪಾಸಿಟ್ ಮಾಡಿಸಿದ್ದರು ಎಂದೆ. ಅವರು ಕನ್ನಡಕ ಒರೆಸುತ್ತಾ ಕೂತರು.

"ನನಗ ಆವಾಗನ ಗೊತ್ತಿತ್ತು. ಆ ಬ್ಯಾಂಕಿನ ಹುಡುಗಿ ಹೇಳಿದ್ಲು."

"ಮತ್ತ ಸುಮ್ಮನ ಯಾಕ ಇದ್ರಿ?"

"ನನಗೂ ಒಳಗ ಹೆದರಿಕಿ ಇತ್ತು. ಗೆಳೆಯಗ ಹೂಂ ಅಂದುಬಿಟ್ಟಿದ್ದೆ, ಹಿಂದ ಸರಿಯಾಕ ಮಾರಿ ಇರಲಿಲ್ಲ. ಕಾಕು ಒಂದು ನೆವ ಕೊಟ್ಟರು. ಕೊಟ್ಟದ್ದನ್ನ ತಗೊಂಡೆ."

ಒಳಗೆ ಕೂಸು ಎದ್ದು ಅಳತೊಡಗಿತು. ಬಜೆ ಬೆರಳಿಗೆ ಹಚ್ಚಿಕೊಂಡು ಏಳುವಾಗ, ಇದನ್ನು ಈಗಲೇ ಕೆಳಗಿಳಿದು ಕಾಕುವಿಗೆ ಹೇಳಿ ಬರಬೇಕು ಅನ್ನಿಸಿತು. ಬಾಗಿಲವರೆಗೂ ಹೋಗಿಬಿಟ್ಟಿದ್ದೆ.