ಬೋರ್ಡು ಹೊತ್ತು ನಡೆದ ಟೈಪಿಂಗ್ ಮೇಡಂ

ಬಾಯಲ್ಲಿ ನಾಲ್ಕು ಸ್ಕ್ರೂ ಕಚ್ಚಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ನಿಂತು ಬೋರ್ಡು ಬಿಚ್ಚುತ್ತಿದ್ದ ನಮ್ಮ ಟೈಪಿಂಗ್ ಮೇಡಂ ಇವತ್ತಿಗೂ ಹಾಗೇ ಕಣ್ಣ ಮುಂದೆ ನಿಲ್ಲುತ್ತಾರೆ. ತುಮಕೂರಿನಲ್ಲಿ ಅವರ ಇನ್‌ಸ್ಟಿಟ್ಯೂಟ್ ನಡೆದದ್ದೆಲ್ಲ ಬಾಡಿಗೆ ಕಟ್ಟಡಗಳಲ್ಲೇ. ಓನರ್ ಖಾಲಿ ಮಾಡಿ ಅಂದರೆ ಟೈಪ್‌ರೈಟರುಗಳನ್ನು ಗಾಡಿಗೆ ಹಾಕಿಸುತ್ತಿದ್ದರು. ಬೋರ್ಡನ್ನು ಮಾತ್ರ ಯಾರ ಕೈಗೂ ಕೊಡದೆ ತಾವೇ ಹೊತ್ತು ನಡೆಯುತ್ತಿದ್ದರು. "ತುಕ್ಕು ಹಿಡಿದಿದೆ ಮೇಡಂ, ಹೊಸದು ಬರೆಸಬಾರ್ದಾ?" ಅಂದಿದ್ದಕ್ಕೆ ನನಗೆ ಸಿಕ್ಕಿದ್ದು ಬೈಗುಳ. "ನಿನ್ ಕೆಲಸ ನೋಡ್ಕೊಳೇ. ಸ್ಪೀಡು ಇನ್ನೂ ಎತ್ತಿನ ಗಾಡಿ, ಬೋರ್ಡಿನ ಚಿಂತೆ ಇವಳಿಗೆ!"

ಆಗ ನಾನು ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಟೈಪಿಂಗ್ ಕಲಿಯುತ್ತಿದ್ದೆ. ಬೋರ್ಡಿನ ಮೇಲೆ ಅಷ್ಟು ಜೀವ ಯಾಕೆ ಅಂತ ತಿಳಿದದ್ದು ಮೇಡಂ ತಾಯಿಯಿಂದ. ಆ ಅಜ್ಜಿಗೆ ಕಣ್ಣು ಮಂಜು. ಬಾಗಿಲ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತಿರೋರು. ಮೆಟ್ಟಿಲ ಮೇಲೆ ಬಳೆ ಸದ್ದಾದರೆ ಸಾಕು, "ಯಾರವ್ವ ಬಂದೋಳು?" ಅನ್ನೋರು. ಅವರ ಚಿಕ್ಕ ಮಗಳು, ಅಂದರೆ ಮೇಡಂ ತಂಗಿ, ಬೇರೆ ಜಾತಿಯವನನ್ನು ಮದುವೆಯಾಗಿ ಕುಣಿಗಲ್ ಬಿಟ್ಟು ಹೋಗಿದ್ದರು. "ಈ ಹೊಸ್ತಿಲು ತುಳೀಬೇಡ" ಅಂದಿದ್ದ ಅಪ್ಪ ತೀರಿಕೊಂಡರು, ಕುಣಿಗಲ್ಲಿನ ಮನೆಯೂ ಕೈಬಿಟ್ಟಿತು, ಮೇಡಂ ತಾಯಿಯನ್ನು ಕರಕೊಂಡು ತುಮಕೂರಿಗೆ ಬಂದರು. ಇದೊಂದೂ ಆ ತಂಗಿಗೆ ಗೊತ್ತಿಲ್ಲ. ಗೊತ್ತಿದ್ದದ್ದು ಅಕ್ಕತಂಗಿ ಸೇರಿ ಕುಣಿಗಲ್ಲಿನಲ್ಲಿ ಶುರು ಮಾಡಿದ್ದ ಇನ್‌ಸ್ಟಿಟ್ಯೂಟಿನ ಹೆಸರು ಮಾತ್ರ. ಇಬ್ಬರ ಹೆಸರನ್ನೂ ಅರ್ಧರ್ಧ ಸೇರಿಸಿ ಇಟ್ಟದ್ದು, ಬೋರ್ಡಿನ ಮೇಲಿದ್ದದ್ದೂ ಅದೇ. "ಆ ಹೆಸ್ರು ಹುಡುಕ್ಕೊಂಡಾದ್ರೂ ಬತ್ತಾಳೆ ಬುಡವ್ವ" ಅನ್ನೋರು ಅಜ್ಜಿ.

ಟೈಪ್‌ರೈಟರ್ ಕಾಲ ಮುಗಿಯಿತು, ಮೇಡಂ ಕಂಪ್ಯೂಟರ್ ತಂದರು. ಇಂಟರ್ನೆಟ್ಟಿನಲ್ಲೂ ಬೋರ್ಡು ಹಾಕಬಹುದು, ಯಾವ ಊರಿಂದ ಬೇಕಾದರೂ ನೋಡಬಹುದು ಅಂತ ತಿಳಿದ ದಿನ ಅವರ ಮುಖ ನೋಡಬೇಕಿತ್ತು! ಯಾವುದೋ ಕಂಪನಿ ವೆಬ್‌ಸೈಟು, ಇ-ಮೇಲು ಎರಡೂ ಪುಕ್ಕಟೆ ಕೊಡುತ್ತಿತ್ತು. ವೆಬ್‌ಸೈಟಿನ ವಿಳಾಸದಲ್ಲಿ ಮೊದಲು ಕಂಪನಿ ಹೆಸರು, ಬಾಲದಲ್ಲಿ ನಮ್ಮದು. "ಪುಕ್ಕಟೆ ಸಿಗೋವಾಗ ಸ್ವಂತ ಹೆಸರಿನ ವಿಳಾಸ ಯಾಕೆ ದುಡ್ಡು ಕೊಟ್ಟು ರಿಜಿಸ್ಟರ್ ಮಾಡಿಸ್ಬೇಕು?" ಅಂದುಬಿಟ್ಟರು ಮೇಡಂ. ಅಯ್ಯೋ, ಜೀವಮಾನದಲ್ಲಿ ಅದೊಂದೇ ಸಲ ಬೇರೆಯವರ ಬೋರ್ಡಿನ ಕೆಳಗೆ ತಮ್ಮ ಹೆಸರು ಬರೆಸಿದ್ದು. ಒಂದು ದಿನ ಆ ಕಂಪನಿಯೇ ಬಾಗಿಲು ಹಾಕಿತು. ವೆಬ್‌ಸೈಟೂ ಹೋಯಿತು, ಇ-ಮೇಲೂ ಹೋಯಿತು. ಬಿಚ್ಚಿ ಹೊತ್ತು ತರೋಣ ಅಂದರೆ ಅಲ್ಲಿ ಏನಿತ್ತು? ಇದರ ಸಹವಾಸವೇ ಬೇಡ ಅಂತ ಮೇಡಂ ಸಿಟ್ಟು ಮಾಡಿಕೊಂಡು ಕೂತರು. ಅದಾದ ಕೆಲವು ತಿಂಗಳಿಗೆ ಅಜ್ಜಿ ತೀರಿಕೊಂಡರು.

ವರ್ಷದ ತಿಥಿ ಮುಗಿದ ಮೇಲೆ, ತಂಗಿಗೆ ಸುದ್ದಿಯಾದರೂ ಮುಟ್ಟಲಿ ಅಂತ ಮೇಡಂ ಇನ್‌ಸ್ಟಿಟ್ಯೂಟಿನ ಹೆಸರನ್ನೇ ದುಡ್ಡು ಕಟ್ಟಿ ಇಂಟರ್ನೆಟ್ಟಿನಲ್ಲಿ ರಿಜಿಸ್ಟರ್ ಮಾಡಿಸಿ, ತುಮಕೂರಿನ ವಿಳಾಸ ಹಾಕಿದರು. ಅಮ್ಮನ ಸುದ್ದಿ ಬರೆಯುವುದಕ್ಕೆ ಮೊದಲೇ ತಂಗಿ ಬಂದರು. ಅವತ್ತು ಮೇಡಂನ ಮಾತಾಡಿಸಲು ಹೋಗಿ ನಾನೂ ಅಲ್ಲಿದ್ದೆ. ಮೆಟ್ಟಿಲ ಮೇಲೆ ಬಳೆ ಸದ್ದಾಯಿತು, ಯಾರವ್ವ ಅಂತ ಕೇಳುವವರು ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹೆಂಗಸು ಮೇಡಂನ ತಬ್ಬಿಕೊಂಡು ಅತ್ತು, ಕಣ್ಣೊರೆಸಿಕೊಂಡು ಸುತ್ತ ನೋಡಿದರು.

"ಅಕ್ಕ, ಅಮ್ಮ ಎಲ್ಲಿ?"

ಎಲ್ಲರನ್ನೂ ಗದರಿಸುತ್ತಿದ್ದ ಮೇಡಂ ಬಾಗಿಲ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿದರು, ಅಷ್ಟೇ. ತಂಗಿಯ ಅಳು ನನಗೆ ನೋಡಲಾಗಲಿಲ್ಲ, ನೀರು ತರುವ ನೆಪದಲ್ಲಿ ಒಳಗೆ ಹೋದೆ.

ಮದುವೆಯಾಗಿ ನಾಗಪುರದಲ್ಲಿದ್ದ ತಂಗಿ ಆ ಪುಕ್ಕಟೆ ವೆಬ್‌ಸೈಟನ್ನೂ ನೋಡಿದ್ದರಂತೆ. ಧೈರ್ಯ ಸಾಲದೆ ಬರೆಯೋದು ತಡ ಮಾಡಿ, ಕೊನೆಗೆ ಇ-ಮೇಲ್ ಕಳಿಸಿದರೆ ವಾಪಸ್ ಬಂತು. "ಇನ್‌ಸ್ಟಿಟ್ಯೂಟೇ ಮುಚ್ಚೋಯ್ತು ಅನ್ಕೊಂಡೆ ಅಕ್ಕ. ಆದ್ರೂ ಆಗಾಗ ಹುಡುಕ್ತಿದ್ದೆ. ಮೊನ್ನೆ ಮತ್ತೆ ಹೆಸರು ಸಿಕ್ತು."

"ಆಗ ಅಮ್ಮ ಇದ್ಲು ಕಣೇ" ಅಂದರು ಮೇಡಂ.

ಆಮೇಲೆ ಮೇಡಂ ಸ್ವಂತ ಹೆಸರು ರಿಜಿಸ್ಟರ್ ಮಾಡಿಸದೆ ಯಾರನ್ನೂ ಬಿಡಲಿಲ್ಲ. ಗುಬ್ಬಿಯಲ್ಲಿ ಸೀರೆಗೆ ಕುಚ್ಚು ಹಾಕುತ್ತಿದ್ದ ನನ್ನನ್ನು ಎದುರಿಗೆ ಕೂರಿಸಿಕೊಂಡು ನನ್ನ ಕಸುಬಿಗೂ ಒಂದು ಹೆಸರು ರಿಜಿಸ್ಟರ್ ಮಾಡಿಸಿದರು. "ನಿನ್ ಹೆಸರಲ್ಲೇ ಆಗ್ಬೇಕು, ಕಂಪ್ಯೂಟರ್ ಅಂಗಡಿಯವನ ಹೆಸರಲ್ಲಲ್ಲ. ವೆಬ್‌ಸೈಟ್ ಇಟ್ಟಿರೋ ಕಂಪನಿ ಮುಳುಗ್ಲಿ, ಬಿಡ್ಲಿ, ಹೆಸರು ಬಿಚ್ಕೊಂಡು ಇನ್ನೊಂದ್ ಕಡೆ ಹೋಗ್ತಿರು. ಹುಡುಕೋರಿಗೆ ನೀನು ಅಲ್ಲೇ ಇರ್ತೀಯ." ಅದಾದ ಮೇಲೆ ಎರಡು ಸಲ ಕಂಪನಿ ಬದಲಾಯಿಸಿದೆ. ಗಿರಾಕಿಗಳಿಗೆ ಗೊತ್ತೇ ಆಗಲಿಲ್ಲ. ನನ್ನ ಮನೆಯ ಅನ್ನದಲ್ಲಿ ಅವರ ಋಣ ಇದೆ.

ಮೇಡಂ ಆಸ್ಪತ್ರೆಯಲ್ಲಿ ಮಲಗಿದ್ದಾಗ ಪಾಸ್‌ವರ್ಡ್ ಹೇಳಿಕೊಟ್ಟರು. "ಇನ್‌ಸ್ಟಿಟ್ಯೂಟ್ ಹೋದ್ರೆ ಹೋಗ್ಲಿ, ಆ ಹೆಸರು ಬಿಡ್ಬೇಡ."

"ತಂಗಿ ಬಂದ್ರಲ್ಲ ಮೇಡಂ, ಇನ್ಯಾರು ಹುಡುಕ್ತಾರೆ?"

"ಗೊತ್ತಿಲ್ಲ ಕಣೇ. ಇರ್ಲಿ."

ಅವರು ಹೋದರು. ಬೋರ್ಡನ್ನು ತಂಗಿಯೇ ಬಿಚ್ಚಿ ನಾಗಪುರಕ್ಕೆ ತಗೊಂಡು ಹೋದರು. ಹೆಸರು ನನ್ನ ಹತ್ತಿರ ಇದೆ, ವರ್ಷ ವರ್ಷ ದುಡ್ಡು ಕಟ್ಟಿ ಉಳಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ತಂಗಿಯ ಫೋನ್ ಬರುತ್ತದೆ. "ಅಕ್ಕನ ಹೆಸರು ರಿನ್ಯೂ ಮಾಡಿಸ್ದೇನಮ್ಮ?"

"ಮಾಡಿಸ್ದೆ."

ಫೋನ್ ಇಟ್ಟು ನಾನು ಕಂಪ್ಯೂಟರಿನಲ್ಲಿ ಆ ಹೆಸರು ಟೈಪ್ ಮಾಡುತ್ತೇನೆ. ಅದು ಅಲ್ಲೇ ಇರುತ್ತದೆ.